ಹೊಟ್ಟು ಸುಳಿ ತಿರುಗಿದ ಜಾಗ

ಇದು ನಡೆದದ್ದು. ಸುಳ್ಳಾಗಿದ್ದರೆ ನಾಳೆ ನಾನು ಉಣ್ಣುವ ಅನ್ನದಲ್ಲಿ ಅಕ್ಕಿಗಿಂತ ಕಲ್ಲೇ ಹೆಚ್ಚಿರಲಿ. ಕಪಿಲಾ ಹೊಳೆಯಲ್ಲಿ ಮೊಸಳೆಯ ಬೆನ್ನ ಮೇಲೆ ಕೂತು ನಂಜನಗೂಡಿನಿಂದ ನರಸೀಪುರಕ್ಕೆ ಹೋದೆ ಅಂತ ನಾನು ಹಿಂದೆ ಹೇಳಿದ್ದು ಸುಳ್ಳು, ಒಪ್ಪಿದೆ. ಅವತ್ತು ಅರ್ಧ ದಾರಿಯಲ್ಲೇ ಇಳಿದುಬಿಟ್ಟಿದ್ದೆ. ಆದರೆ ನಾಲೆಯ ನೀರು ಕಾಯುವ ನೀರುಗಂಟಿ ಚಾಮಯ್ಯನ ಹೊಟ್ಟೆಯ ಸಂಗತಿಗೆ ನಾನು ಒಂದು ಉಪ್ಪಿನ ಹರಳನ್ನೂ ಸೇರಿಸಿಲ್ಲ.

ಎರಡು ಸಾವಿರದ ಆರನೇ ಇಸವಿ, ಗೌರಿ ಹಬ್ಬ ಕಳೆದ ಮೇಲಿನ ಮಂಗಳವಾರ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಅದರ ಹೆಸರು ನಿಮಗೆ ಬೇಡ, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಚಾಮಯ್ಯ ಕೂತಿದ್ದ. ತಾನು ಚೆನ್ನಾಗಿರುವುದಕ್ಕೆ ಅವನಿಗೆ ನಾಚಿಕೆಯಾಗುತ್ತಿತ್ತು. ತಲೆಗೆ ಎಣ್ಣೆ ಹಚ್ಚಿತ್ತು. ಚೊಂಬಿನಲ್ಲಿ ಕೆಂಡ ತುಂಬಿ ಹೆಂಡತಿ ಪುಟ್ಟಮಾದಮ್ಮ ಇಸ್ತ್ರಿ ಮಾಡಿಕೊಟ್ಟ ಶರಟಿನ ಮಡಿಕೆ ಇನ್ನೂ ಮುರಿದಿರಲಿಲ್ಲ. ಪಕ್ಕದಲ್ಲಿ ಕೂತವರೆಲ್ಲ ನರಳುತ್ತಿದ್ದರು, ಒಬ್ಬ ಮುದುಕನ ಮೂಗಿಗೆ ಕೊಳವೆ ಹಾಕಿದ್ದರು. ಚಾಮಯ್ಯನಿಗೆ ಮಾತ್ರ ಹಸಿವಾಗುತ್ತಿತ್ತು. ಬಾಗಿಲು ತೆರೆದಾಗಲೆಲ್ಲ ಅವನು ಮುಖವನ್ನು ಸ್ವಲ್ಪ ಕಿವುಚಿಕೊಳ್ಳುತ್ತಿದ್ದ. ಬೇನೆ ಇಲ್ಲದವನು ಬೇನೆಯ ಮುಖ ಮಾಡುವುದು ಎಷ್ಟು ಕಷ್ಟ! ಕಳ್ಳತನ ಮಾಡದವನನ್ನು ಸ್ಟೇಷನ್ನಿನಲ್ಲಿ ಕೂರಿಸಿದರೆ ಅವನ ಮುಖವೂ ಹೀಗೇ ಆಗುತ್ತದೇನೋ. ಹದಿನೈದು ದಿನದ ಹಿಂದೆ ಇದೇ ದೇಹ ಹಿತ್ತಲಿನ ಗೋಣಿತಾಟಿನ ಮೇಲೆ ಬಿದ್ದಿತ್ತು. ನಾಲೆಯ ಸಿಮೆಂಟು ಚಪ್ಪಡಿಗಳ ಸಂದಿಗೆ ಮೆತ್ತುವ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ನಾರುತ್ತ ಅವನ ಒಳಗಿನ ರಕ್ತ ಹೊರಗೆ ಹೋಗುತ್ತಿತ್ತು. ಎದ್ದು ನಿಂತರೆ ಹಿತ್ತಲಿನ ನುಗ್ಗೆಮರ ತಲೆಕೆಳಗಾಗುತ್ತಿತ್ತು. ಪುಟ್ಟಮಾದಮ್ಮ ನೆತ್ತಿಗೆ ತಣ್ಣೀರು ತಟ್ಟಿ, ಎಳನೀರು ಕುಡಿಸಿ, ಮಜ್ಜಿಗೆ ಕುಡಿಸಿ, ಮೂರು ದಿನ ಅಲ್ಲೇ ಕಾದಿದ್ದಳು. ನಿಂತಿತು. ನಿಂತ ಮೇಲೆ ಬಿಸಿನೀರು ಕಾಯಿಸಿ ಮೀಯಿಸಿದಳು. ಮೈಯಲ್ಲಿ ಶಕ್ತಿ ಬಂದ ಮೇಲೆ ಬಸ್ಸು ಹತ್ತಿಸಿದಳು. ಒಂದು ವರ್ಷದಲ್ಲಿ ನಾಲ್ಕು ಸಲ ಹೀಗೇ.

"ದೊಡ್ಡ ಡಾಕ್ಟ್ರು ಮುಂದಕ್ಕ ಏಸ್ಗೆ ಮಾಡ್ಕಂಡು ಓಗಕ್ಕಾದದಾ? ಬಸ್ನಲ್ಲಿ ಜನ ಇರಾಕಿಲ್ವಾ?" ಅನ್ನುವುದು ಅವಳ ಮಾತು. ಅವನದೂ ಅದೇ ಮಾತು. ಸಾಯುವವನಿಗೂ ಒಂದು ಮಾನ ಅನ್ನುವುದು ಇರುತ್ತದೆ.

ಹಿಂದಿನ ಮೂರು ಸಲವೂ ಏನೂ ಸಿಗಲಿಲ್ಲ. ಬಾಯಿಂದ ಕೊಳವೆ ಬಿಟ್ಟು ನೋಡಿದರು, ಜಠರ ಕನ್ನಡಿಯಂತಿದೆ ಎಂದರು. ಕೆಳಗಿನಿಂದ ಬಿಟ್ಟು ನೋಡಿದರು. ಆ ಸಂಗತಿಯನ್ನು ಅವನು ಇವತ್ತಿಗೂ ಯಾರ ಹತ್ತಿರವೂ ಹೇಳಿಲ್ಲ, ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಒಂದು ಸಲ ಸ್ಕ್ಯಾನಿನ ಗುಂಡಗಿನ ಬಾಯಿಯೊಳಗೂ ತಳ್ಳಿದರು. ಏನೂ ಇಲ್ಲ. ಏನೂ ಇಲ್ಲ ಎಂದು ಬರೆಯುವುದಕ್ಕೆ ಅವರಿಗೆ ಎರಡು ಹಾಳೆ ಬೇಕಾಗುತ್ತಿತ್ತು. ಹಾಗಾದರೆ ಆ ಡಾಂಬರು ಎಲ್ಲಿಂದ ಬಂತು, ಪಕ್ಕದ ಮನೆಯ ಹೊಟ್ಟೆಯಿಂದಲೇ? ಎರಡನೇ ಸಲ ದೊಡ್ಡ ಡಾಕ್ಟರು ತಲೆಯೆತ್ತದೆ, ಚೀಟಿಯಲ್ಲಿ ಕಾಲೋನಿ ಎಂದು ಬರೆದಿದ್ದ ವಿಳಾಸದ ಮೇಲೆ ಬೆರಳಿಟ್ಟುಕೊಂಡು ಕೇಳಿದ್ದರು, "ಎಷ್ಟು ಕುಡೀತೀಯ?" ಕುಡೀತೀಯಾ ಎಂದಲ್ಲ, ಎಷ್ಟು. ಆ ಒಂದು ಮಾತು ಚಾಮಯ್ಯನ ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತ್ತು, ಅನ್ನದ ತುತ್ತು ನುಂಗಿದರೂ ಇಳಿಯದು. "ಇಲ್ಲಾ ಸಾ, ನಾನು ಮುಟ್ಟಾಕಿಲ್ಲ" ಎಂದಿದ್ದ. "ಎಲ್ಲರೂ ಹಾಗೇ ಹೇಳೋದು" ಎಂದು ಡಾಕ್ಟರು ಬರೆದೇಬಿಟ್ಟಿದ್ದರು. ಏನು ಬರೆದರೆಂದು ತಿಳಿದದ್ದು ನರಸೀಪುರದ ಔಷಧಿ ಅಂಗಡಿಯಲ್ಲಿ. ಅಂಗಡಿಯವನು ಚೀಟಿ ಓದಿ, ಹತ್ತು ಜನರ ನಡುವೆ, "ಎಣ್ಣೆ ಬಿಡ್ಬೇಕು ಕಣಪ್ಪಾ, ಮಾತ್ರೆ ಒಂದೇ ಏನ್ ಮಾಡ್ತದೆ?" ಎಂದ. ಆ ಹತ್ತು ಜನರಲ್ಲಿ ಊರಿನ ಶಿವಸ್ವಾಮಿಯವರೂ ಇದ್ದರು, ಮೊಮ್ಮಗಳಿಗೆ ಕೆಮ್ಮಿನ ಔಷಧಿ ಕೊಳ್ಳಲು ಬಂದವರು. ಅವರು ಹುಬ್ಬು ಎತ್ತಿದರು. ಆ ಹುಬ್ಬು ಚಾಮಯ್ಯನಿಗಿಂತ ಮುಂಚೆ ಊರು ತಲುಪಿತ್ತು.

ಮೂವತ್ತು ವರ್ಷ ನಾಲೆಯ ತೂಬು ತೆಗೆದು ಮುಚ್ಚಿದವನು ಅವನು. ಕುಡಿದ ನೀರುಗಂಟಿ ಒಂದು ದಿನ ಮೈಮರೆತರೆ ಐದು ಊರಿನ ಪೈರು ಕೊಚ್ಚಿಹೋಗುತ್ತದೆ, ಅಷ್ಟೂ ತಿಳಿಯದ ಡಾಕ್ಟರು ಅವರೆಂಥ ಡಾಕ್ಟರು! ಸೋರಿಕೆ ಹುಡುಕುವುದರಲ್ಲಿ ಎರಡು ತಾಲೂಕಿನಲ್ಲಿ ಅವನಿಗೆ ಸಮ ಇರಲಿಲ್ಲ. ಏರಿಯಲ್ಲಿ ಏಡಿಯೋ ಹೆಗ್ಗಣವೋ ತೂತು ಕೊರೆದು ನೀರು ಒಳಗೊಳಗೇ ಹೋಗುತ್ತಿದ್ದರೆ, ಚಾಮಯ್ಯ ಮಂಕರಿ ತುಂಬ ಭತ್ತದ ಹೊಟ್ಟು ತಂದು ನೀರಿನ ಮೇಲೆ ಎರಚಿ, ಬೀಡಿಯನ್ನೂ ಸೇದದೆ ಕೂರುತ್ತಿದ್ದ. ಹೊಟ್ಟು ತೇಲುತ್ತ ತೇಲುತ್ತ ಒಂದು ಕಡೆ ನಿಂತು, ಸುಳಿ ತಿರುಗಿ, ಮುಳುಗುವ ಜಾಗವೇ ತೂತು. ಒಂದು ಸಲ ಅವನು ಎರಚಿದ ಹೊಟ್ಟು ಸುಳಿಯಲ್ಲಿ ಮುಳುಗಿ, ಒಂದು ಮೈಲಿ ಆಚೆ ಗುರುಬಸಮ್ಮನ ಮನೆಯ ಅಡಿಗೆಕೋಣೆಯ ನೆಲದಿಂದ ಚಿಮ್ಮಿ ಸಾರಿನ ಪಾತ್ರೆಗೆ ಬಿದ್ದಿತ್ತು. ಅವತ್ತಿನ ಸಾರು ನಾನೂ ಉಂಡಿದ್ದೇನೆ, ಉಪ್ಪು ಕಡಿಮೆ ಇತ್ತು.

"ಚಾಮಯ್ಯ ಯಾರು?" ಎಂದು ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕೇಳಿದಳು. ಬಿಳಿ ಕೋಟು, ಕಾಲಿಗೆ ರಬ್ಬರ್ ಚಪ್ಪಲಿ. ಸ್ಕ್ಯಾನಿನ ಡಾಕ್ಟರು ಪವಿತ್ರ ಎಂದು ಎದೆಯ ಪಟ್ಟಿಯಲ್ಲಿತ್ತು. ಚಾಮಯ್ಯ ಎದ್ದ. ಮುಖ ಕಿವುಚುವುದು ಮರೆತೇ ಹೋಯಿತು. ಅವಳು ಅವನ ಮಣಿಕಟ್ಟು ಹಿಡಿದು ಗೋಡೆಯ ಗಡಿಯಾರ ನೋಡಿದಳು.

"ಎಪ್ಪತ್ತೆರಡು. ಕಡೇ ಸಲ ಕಪ್ಪಗೆ ಹೋಗಿದ್ದು ಯಾವಾಗ?"

"ಅದು ನಿಂತೋಗಿ ಅನ್ನೆಲ್ಡ್ ದಿನಾಯ್ತು ಕವ್ವಾ" ಎಂದು ಪುಟ್ಟಮಾದಮ್ಮ ಹೆಮ್ಮೆಯಿಂದ ಹೇಳಿದಳು. "ಈಗ ಚೊಕ್ಕವಾಗವ್ನೆ. ಮೀಯಿಸ್ಕಂಡೇ ಕರ್ಕಬಂದಿದ್ದೀನಿ."

ಡಾಕ್ಟರು ಚೀಟಿಯನ್ನು ಮಡಚಿದಳು. "ಹಾಗಾದರೆ ಇವತ್ತು ಸ್ಕ್ಯಾನ್ ಬೇಡ. ಏನೂ ಕಾಣೋದಿಲ್ಲ."

ಚಾಮಯ್ಯನ ಮೈಗೆ ಬೆಂಕಿ ಬಿತ್ತು. ಬೆಳಗಿನಿಂದ ಖಾಲಿ ಹೊಟ್ಟೆ, ಎರಡು ಬಸ್ಸು, ಇಸ್ತ್ರಿ ಶರಟು. ಈಗ ಬಾಗಿಲಲ್ಲೇ ನಿಲ್ಲಿಸಿ ಹೋಗು ಎನ್ನುತ್ತಾರೆ. ಬಾಗಿಲಲ್ಲಿ ನಿಲ್ಲಿಸುವುದು ಅವನಿಗೆ ಹೊಸದೇನಲ್ಲ, ಊರಲ್ಲಿ ಎಷ್ಟು ಬಾಗಿಲು. "ಯಾಕವ್ವಾ? ನಾವು ಮನುಷ್ಯರಲ್ವಾ? ಇಸ್ಟ್ ಜನುಕ್ಕ ಮಾಡ್ತಾ ಇದ್ದೀರಿ, ನಂಗ್ಯಾಕ್ ಬ್ಯಾಡ?" ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು. ಮೂಗಿಗೆ ಕೊಳವೆ ಹಾಕಿದ್ದ ಮುದುಕ ಕೂಡ ತಿರುಗಿ ನೋಡಿದ.

ಅವಳು ಸಿಟ್ಟಾಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತಳು. ಚಾಮಯ್ಯನೂ ಕೂರಬೇಕಾಯಿತು. "ನೋಡಿ, ನರಕ್ಕೆ ಒಂದು ಔಷಧಿ ಬಿಡ್ತೀವಿ. ಅದು ರಕ್ತದ ಜೊತೆ ಹರಿಯುತ್ತೆ. ಎಲ್ಲಿ ರಕ್ತ ಸೋರ್ತಾ ಇರುತ್ತೋ ಅಲ್ಲಿ ಆಚೆ ಬಂದು ಫೋಟೋದಲ್ಲಿ ಬೆಳ್ಳಗೆ ಕಾಣುತ್ತೆ. ಸೋರೋದು ನಿಂತಿದ್ರೆ ಅದು ಎಲ್ಲಿಂದ ಆಚೆ ಬರಬೇಕು? ನೀವು ಪ್ರತಿ ಸಲ ನಿಂತ ಮೇಲೆ ಬಂದಿದ್ದೀರ."

ಚಾಮಯ್ಯನಿಗೆ ಹಳೆಯದೊಂದು ದಿನ ಕಣ್ಣೆದುರು ಬಂತು. ಗದ್ದೆಯ ಬದುವಿನ ಮೇಲೆ ಶಿವಸ್ವಾಮಿಯವರು ಕೊಡೆ ಹಿಡಿದು ನಿಂತಿದ್ದಾರೆ. ನಾಲೆ ನಿಂತು ಎಂಟು ದಿನ, ಕೆಸರು ಬಿರಿದಿದೆ. "ಲೋ ಚಾಮ, ನನ್ ಗದ್ದೆಗೆ ಬರೋ ನೀರೆಲ್ಲ ಎಲ್ಲೋ ಸೋರೋಯ್ತದೆ, ಎಲ್ಲಿ ಅಂತ ಈಗ್ಲೇ ತೋರ್ಸು." ತಲೆಗೆ ಸುತ್ತಿದ ಟವೆಲ್ ಕಂಕುಳಿಗೆ ಇಳಿಸಿಕೊಂಡು ಚಾಮಯ್ಯ ನಗುತ್ತಿದ್ದಾನೆ. "ನೀರ್ ನಿಂತ್ಮೇಲ ಎಲ್ಲಿಂದ ತೋರ್ಸಲಿ ಬುದ್ಧಿ? ಒಣಗಿದ್ ನಾಲೆ ಒಳಗ ಒಟ್ಟು ಎರಚುದ್ರ ಕೋಳಿ ಬತ್ತವ ಅಷ್ಟೆ. ಅರಿಯೋವಾಗ ಕರೀರಿ." ಆವತ್ತು ಸಂಜೆ ಕಾಲೋನಿಯ ಕಟ್ಟೆಯ ಮೇಲೆ ಆ ಮಾತನ್ನು ಹತ್ತು ಸಲ ಹೇಳಿ ನಕ್ಕಿದ್ದ. ಮೂವತ್ತು ವರ್ಷ ಊರಿನ ದಡ್ಡರಿಗೆಲ್ಲ ಅದನ್ನೇ ಹೇಳಿದವನು, ತನ್ನ ಹೊಟ್ಟೆಯ ನಾಲೆ ಒಣಗುವವರೆಗೆ ಕಾದು, ಮಿಂದು, ತಲೆ ಬಾಚಿಕೊಂಡು, ನಾಲ್ಕು ಸಲ ಬಸ್ಸು ಹತ್ತಿ ಬಂದಿದ್ದಾನೆ. ಮಾಡಿದ ತಪ್ಪಿಗಿಂತ ಹೆಚ್ಚಾಗಿ, ಇದನ್ನು ಯಾವನೂ ಒಂದು ಸಲವೂ ಹೇಳಲಿಲ್ಲವಲ್ಲ ಎಂಬುದು ಅವನನ್ನು ಸುಟ್ಟಿತು. ಎಷ್ಟು ಕುಡೀತೀಯ ಎಂದು ಕೇಳಿದವರಿಗೆ ಯಾವಾಗ ಹರಿಯಿತು ಎಂದು ಕೇಳಲು ಬಾಯಿ ಬರಲಿಲ್ಲವೇ? ಮಂಗಳವಾರ ಹನ್ನೊಂದು ಗಂಟೆಗೆ ಬಾ ಎಂದು ಬರೆದುಕೊಟ್ಟರೆ ರಕ್ತ ಕ್ಯಾಲೆಂಡರು ನೋಡಿಕೊಂಡು ಸೋರುತ್ತದೆಯೇ?

"ಮತ್ತ ಯಾವಾಗ ಬಂದ್ರ ಕಂಡದು?" ಎಂದ.

ಅವಳು ಬೆರಳು ಮಡಚಿದಳು. ಕಪ್ಪಗೋ ಕೆಂಪಗೋ ಹೋಗಲು ಶುರುವಾಗಿ ನಾಲ್ಕು ಗಂಟೆ ದಾಟಿರಬಾರದು. ನಾಡಿ ನೂರರ ಮೇಲಿರಬೇಕು. ಎದ್ದರೆ ಕಣ್ಣು ಕತ್ತಲೆ ಬರಬೇಕು. "ಮೂರೂ ಇದ್ದರೆ ಹತ್ತಕ್ಕೆ ಆರೋ ಏಳೋ ಸಲ ಕಾಣಬಹುದು. ಖಂಡಿತ ಅಂತ ಹೇಳಲ್ಲ. ಮೂರೂ ಇಲ್ಲದಿದ್ದರೆ ನಿಮಗೂ ಸುಸ್ತು, ನನಗೂ ಸುಸ್ತು."

"ಹಂಗಾರ ನಂದೂ ಒಂದ್ ಸೇರ್ಸ್ಕಳಿ. ಅದು ಬರಾಕ್ ಮುಂಚ ಕಿವಿ ಒಳಗ ತೂಬು ತಗ್ದಂಗಾಯ್ತದ. ಬುಸ್ ಅಂತ."

ಅವಳು ನಗುತ್ತಾಳೆ ಎಂದುಕೊಂಡಿದ್ದ. "ಎಷ್ಟು ಹೊತ್ತು ಮುಂಚೆ?" ಎಂದು ಕೇಳಿ, ಚೀಟಿಯ ಅಂಚಿನಲ್ಲಿ ಬರೆದುಕೊಂಡಳು. ಆ ಅಂಚಿನ ಕೆಳಗೇ ದೊಡ್ಡ ಡಾಕ್ಟರ ಬರಹ ಇತ್ತು. ಚಾಮಯ್ಯನಿಗೆ ಓದಲು ಬಾರದು, ಆದರೆ ಯಾವ ಸಾಲು ಎಂದು ಗೊತ್ತಿತ್ತು. ಅಂಗಡಿಯವನ ಬೆರಳು ಓಡಿದ ಜಾಗ ಕಣ್ಣಲ್ಲಿ ಕೂತಿತ್ತು. ಅದನ್ನು ಅಳಿಸಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು, ಯಾಕೆ ಕೇಳಲಿಲ್ಲ ಎಂದು ತನ್ನನ್ನೇ ಬಯ್ದುಕೊಂಡ.

ಹತ್ತೊಂಬತ್ತು ದಿನ ಕಾದ. ಬರಲಿ ಎಂದು ಹಾರೈಸಬೇಕೋ ಬರದಿರಲಿ ಎಂದೋ ತಿಳಿಯದೆ ಕಾಯುವುದು ವಿಚಿತ್ರ. ಮುದ್ದೆ ಮುರಿಯುವಾಗ, ತೂಬಿನ ಗಾಲಿ ತಿರುಗಿಸುವಾಗ ಕಿವಿಯೆಲ್ಲ ಒಳಗೇ ಇರುತ್ತಿತ್ತು. ಹತ್ತೊಂಬತ್ತನೆಯ ದಿನ ಭಾನುವಾರ ಬೆಳಿಗ್ಗೆ, ಹಿತ್ತಲಿನಲ್ಲಿ ಹಲ್ಲುಜ್ಜುವಾಗ, ಬುಸ್ ಎಂದಿತು. ಅರ್ಧ ಗಂಟೆಯಲ್ಲಿ ಡಾಂಬರು. ಗೋಡೆ ಹಿಡಿದು ಎದ್ದರೆ ನುಗ್ಗೆಮರ ತಲೆಕೆಳಗು. ಎದೆ ಓಡುತ್ತಿತ್ತು. ಒಂದು, ಎರಡು, ಮೂರು, ಮೂರೂ ಇವೆ ಎಂದು ಅವನು ನಕ್ಕದ್ದನ್ನು ನೋಡಿ ಪುಟ್ಟಮಾದಮ್ಮನಿಗೆ ಅಳು ಬಂತು.

"ವಸಿ ತಡಿ, ಅಂಡೆಗ ಉರಿ ಆಕ್ತೀನಿ. ಮೈ ತೊಳ್ಕಂಡು ಬಟ್ಟೆ ಬದ್ಲಾಯ್ಸು. ಈ ಪಂಚೇಲಿ ಓಗಿಯಾ?"

"ಇದ್ರಲ್ಲೇ ಓಗಾದು. ಉರಿ ಆಕುದ್ರ ಆ ಒಲೆ ಒಳಕ್ಕ ನಾನೇ ಬೀಳ್ತೀನಿ ನೋಡು."

"ಜನ ಏನಂದಾರು?"

"ಅನ್ನದು ಆಗ್ಲೇ ಅಂದವ್ರೆ. ಇನ್ನೇನ್ ಉಳ್ಸವ್ರೆ?"

ಬಸ್ಸು ಬರುವುದು ಹತ್ತೂವರೆಗೆ. ಊರಲ್ಲಿ ಇದ್ದದ್ದು ಒಂದೇ ವ್ಯಾನು, ಶಿವಸ್ವಾಮಿಯವರದು. ಸುತ್ತೂರಿಗೆ ಹೊರಡಲೆಂದು ಅದನ್ನು ತೊಳೆದು, ಹಿಂದಿನ ಸೀಟಿಗೆ ಹೊಸ ಬಿಳಿ ಟರ್ಕಿ ಟವೆಲ್ ಹಾಸಿ ನಿಲ್ಲಿಸಿದ್ದರು. ಚಾಮಯ್ಯ ಹೆಂಡತಿಯ ಹೆಗಲು ಹಿಡಿದು, ಹಿಂದೆ ನೊಣಗಳ ಮೆರವಣಿಗೆ ಕಟ್ಟಿಕೊಂಡು, ಅವರ ಮನೆಯ ಮುಂದೆ ಬಂದು ನಿಂತ. ಅವರು ಮೊದಲು ಅವನ ಪಂಚೆ ನೋಡಿದರು. ಆಮೇಲೆ ಟವೆಲ್ ನೋಡಿದರು. ಟವೆಲ್ ನೋಡಿದ್ದು ಹೆಚ್ಚು ಹೊತ್ತು.

"ಅಲ್ಲ ಕಣೋ, ಸ್ನಾನ ಗೀನ ಮಾಡ್ಕಂಡು ನೀಟಾಗಿ ಬಾರೋ. ಬಸ್ಸೂ ಬತ್ತದಲ್ಲ ಈಗ" ಎಂದರು. ಕೆಟ್ಟ ಮನುಷ್ಯರಲ್ಲ. ದನಿಯಲ್ಲಿ ಕನಿಕರವೂ ಇತ್ತು. ಆ ಕನಿಕರವೇ ಚಾಮಯ್ಯನನ್ನು ಕೆರಳಿಸಿತು.

"ನಿಮ್ ಗದ್ದಗ ನೀರ್ ಬೇಕು ಅಂದಾಗ, ಚಾಮ ಮಿಂದವ್ನಾ ಅಂತ ಕೇಳಿದ್ರಾ ಬುದ್ಧಿ? ಕೊಚ್ಚೆ ಒಳಗ ಕುತ್ಗೆ ಗಂಟ ಇಳ್ದು ತೂತ್ ಮುಚ್ಚುದ್ನಲ್ಲಾ, ಅವತ್ತು ನನ್ ಮೈ ನಿಮ್ ನೀರ್ಗ ಆಗ್ಬೌದಾಗಿತ್ತು. ಇವತ್ತು ನಿಮ್ ಸೀಟಿಗ ಆಗಾಕಿಲ್ವಾ?"

ಹುಟ್ಟಿದಾಗಿನಿಂದ ಅವನು ಆ ಮನೆಯ ಮುಂದೆ ಇಷ್ಟು ಉದ್ದದ ಮಾತು ಆಡಿದ್ದಿಲ್ಲ. ಶಿವಸ್ವಾಮಿಯವರ ಎತ್ತಿದ ಹುಬ್ಬು ನಿಧಾನವಾಗಿ ಕೆಳಗಿಳಿಯಿತು. ಅವರು ಹೋಗಿ ಟವೆಲನ್ನು ಕೈಯಾರೆ ಎಳೆದು ಜಗುಲಿಗೆ ಎಸೆದು, ತಾವೇ ಗಾಡಿ ಹತ್ತಿದರು. ಪುಟ್ಟಮಾದಮ್ಮ ಮನೆಗೆ ಓಡಿ ಅರ್ಧ ಮೂಟೆ ಹೊಟ್ಟು ತಂದು ಸೀಟಿನ ಮೇಲೆ ಸುರಿದಳು, ಸೀಟು ಕೆಡದಿರಲಿ ಎಂದು. ಹೊಟ್ಟಿನ ಗುಡ್ಡೆಯ ಮೇಲೆ ಚಾಮಯ್ಯ, ಮಹಾರಾಜರು ಅಂಬಾರಿಯಲ್ಲಿ ಕೂತ ಹಾಗೆ. ಜೀವನದಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರು ದಾಟದ ಶಿವಸ್ವಾಮಿಯವರು ಅವತ್ತು ಓಡಿಸಿದ ವೇಗಕ್ಕೆ, ದಾರಿಯುದ್ದಕ್ಕೂ ಕಿಟಕಿಯಿಂದ ಹಾರಿದ ಹೊಟ್ಟು ಬಿದ್ದಲ್ಲೆಲ್ಲ ಮುಂದಿನ ವರ್ಷ ಪೈರು ಬಂತು. ಹೊಟ್ಟಿನಲ್ಲಿ ಕಾಳೇ ಇರುವುದಿಲ್ಲ ಎನ್ನಬೇಡಿ, ಬಂದಿತ್ತು.

ಭಾನುವಾರವಾದರೂ ಪವಿತ್ರ ಡಾಕ್ಟರು ಬಂದಳು. ಹೊಟ್ಟು ಅಂಟಿದ ಪಂಚೆ, ನಾತ, ಯಾವುದಕ್ಕೂ ಮೂಗು ಮುಚ್ಚಲಿಲ್ಲ. "ನೂರ ಇಪ್ಪತ್ತೆಂಟು" ಎಂದಳು, ಖುಷಿ ಪಡಬಾರದ ಸಂಗತಿಗೆ ಖುಷಿಪಟ್ಟವಳ ದನಿಯಲ್ಲಿ. ಗುಂಡಗಿನ ಬಾಯಿಯೊಳಗೆ ಅವನು ಅಂಗಾತ ಜಾರಿದ. ತೋಳಿನ ನರದಿಂದ ಬಿಸಿಯೊಂದು ಒಳನುಗ್ಗಿ ಗಂಟಲು, ಎದೆ, ತೊಡೆ ಎಲ್ಲ ಕಡೆ ಹರಿಯಿತು. ಬೇಸಿಗೆಯ ಕೊನೆಗೆ ಮೊದಲ ನೀರು ಬಿಟ್ಟಾಗ ಒಣಗಿದ ಕಾಲುವೆಗೆ ಹೀಗೇ ಅನ್ನಿಸುತ್ತಿರಬಹುದು. ಎಲ್ಲಿ ನಿಲ್ಲುತ್ತೀಯ, ಎಲ್ಲಿ ಸುತ್ತುತ್ತೀಯ, ಹೇಳು ಎಂದು ಅವನು ಆ ಬಿಸಿಯನ್ನೇ ಕೇಳಿಕೊಂಡ. ಕಾಣದೆ ಹೋದರೆ? ಹತ್ತಕ್ಕೆ ಮೂರು ಸಲ ಕಾಣುವುದಿಲ್ಲವಂತೆ. ಕಾಣದೆ ಹೋದರೆ ಕುಡುಕ ಎಂದೇ ಸಾಯಬೇಕು, ಇಷ್ಟು ನಾರಿಕೊಂಡು ಬಂದದ್ದೂ ದಂಡ. ಉಸಿರು ಹಿಡಿ ಎಂದಿತು ಯಂತ್ರ. ಹಿಡಿದ. ಏರಿಯ ಮೇಲೆ ಕೂತು ಹೊಟ್ಟು ನೋಡುವಾಗಲೂ ಅವನು ಉಸಿರು ಹಿಡಿಯುತ್ತಿದ್ದ.

"ಸಿಕ್ತು!" ಎಂದು ಗಾಜಿನ ಆಚೆ ಅವಳು ಕೂಗಿದ್ದು ಕೇಳಿಸಿತು. ಆಮೇಲೆ ಪರದೆಯನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಬೂದು ಬಣ್ಣದ ಸಣ್ಣ ಕರುಳಿನ ಮಡಿಕೆಗಳ ನಡುವೆ ಒಂದು ಬಿಳಿ ಚುಕ್ಕೆ, ಜೋಳದ ಕಾಳಿನಷ್ಟು. ಅಷ್ಟೇ. ಒಂದು ವರ್ಷ ಅವನನ್ನು ಬರಿದು ಮಾಡಿದ್ದು ಅದು. ಅದರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ತೂತಿನ ಮೇಲೆ ನೀರುಗಂಟಿಗೆ ಎಂದಾದರೂ ಸಿಟ್ಟು ಬಂದಿದೆಯೇ?

ಸಿಟ್ಟು ಬಂದದ್ದು ದೊಡ್ಡ ಡಾಕ್ಟರು ಬಂದಾಗ. ಅವರು ಆಪರೇಷನ್ನಿನ ಹಾಳೆ ಚಾಚಿ, "ಸೈನ್ ಹಾಕಪ್ಪ, ಈಗಲೇ ತೆಗೀಬೇಕು, ಟೈಮಿಲ್ಲ" ಎಂದರು. ಹಾಳೆಯ ಕೆಳಗೆ ಹಳೆಯ ಚೀಟಿ ಪಿನ್ನು ಹೊಡೆದುಕೊಂಡು ಕೂತಿತ್ತು.

"ಮೊದ್ಲು ಅದ ಒಡ್ದಾಕಿ ಸಾ."

"ಯಾವುದನ್ನ?"

"ಕುಡುಕ ಅಂತ ಬರ್ದಿದ್ದೀರಲ್ಲ, ಅದ." ಬೆರಳು ನೇರ ಆ ಸಾಲಿನ ಮೇಲೇ ಹೋಗಿ ಕೂತಿತು.

"ಅದೆಲ್ಲ ಆಮೇಲೆ ನೋಡೋಣ."

"ಆಮೇಲ ನಾನಿದ್ದನಾ? ಸತ್ರ, ಕುಡ್ದು ಸತ್ತ ಅಂತೀರಿ. ಒಡ್ದಾಕಿ. ಆಮೇಲ ಎಲ್ಲಿ ಬೇಕೋ ಅಲ್ಲಿ ಕೊಯ್ಕಳಿ."

"ಅಯ್ಯೋ, ನಿನ್ ಮಾನಕ್ಕ ಬೆಂಕಿ ಬೀಳ, ಸೈನಾಕು!" ಎಂದು ಪುಟ್ಟಮಾದಮ್ಮ ಅವನ ಭುಜ ಅಲುಗಿಸಿದಳು. ಅವನು ಕೈಯನ್ನು ಎದೆಯ ಮೇಲೆ ಮಡಚಿಕೊಂಡ. ತುಟಿ ಬಿಳಿಚಿತ್ತು. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ನೋಡಿ, ಡಾಕ್ಟರ ಕಡೆ ತಿರುಗಿದಳು. "ಬರ್ದಿದ್ದು ನಿಮ್ ಕೈ ತಾನೇ ಸಾ? ಒಡ್ದಾಕಕ್ಕ ಏನು, ಟ್ಯಾಕ್ಟ್ರು ತರ್ಸಬೇಕಾ? ಮೂವತ್ ವರ್ಸ ಬಾಳ್ದವಳು ನಾನು. ವಾಸ್ನೆ ನನ್ ಮೂಗಿಗ ಬರ್ದೇ ನಿಮ್ ಪೆನ್ನಿಗ ಬಂತಾ?"

ಪವಿತ್ರ ಡಾಕ್ಟರು ಪರದೆಯ ಕಡೆ ತಿರುಗಿ ನಿಂತಿದ್ದಳು. ತಡೆದ ನಗುವಿಗೆ ಅವಳ ಬೆನ್ನು ಸಣ್ಣಗೆ ಕುಲುಕುತ್ತಿತ್ತು. ದೊಡ್ಡ ಡಾಕ್ಟರ ಕಿವಿ ಕೆಂಪಾಯಿತು. ಜೇಬಿನಿಂದ ಪೆನ್ನು ತೆಗೆದು ಒಂದು ಗೀಟು ಎಳೆದರು.

"ಎಲ್ಡ್ ಗೀಟು ಎಳೀರಿ ಸಾ. ಒಂದೇ ಆದ್ರ ಒಳಗ ಕಾಣ್ತದ."

ಎರಡನೆಯ ಗೀಟು ಬಿತ್ತು. ಚಾಮಯ್ಯ ಆ ಜಾಗವನ್ನು ಕಣ್ಣಿನ ಹತ್ತಿರ ತಂದು ನೋಡಿ, ಆಪರೇಷನ್ನಿನ ಹಾಳೆಯ ಕೆಳಗೆ ತನಗೆ ಬರುತ್ತಿದ್ದ ನಾಲ್ಕೇ ಅಕ್ಷರಗಳನ್ನು, ತನ್ನ ಹೆಸರನ್ನು, ಒತ್ತೂ ಸೇರಿಸಿ, ಒಂದೊಂದಾಗಿ ಬರೆದ. ಒಂದು ಗೇಣು ಕರುಳು ತೆಗೆದರು. ಅದಾದ ಮೇಲೆ ಅವನ ಹೊಟ್ಟೆ ಒಂದು ದಿನವೂ ಸೋರಲಿಲ್ಲ. ಆ ಚೀಟಿಗೆ ಗಾಜು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾನೆ. ಬಂದವರಿಗೆ ಫೋಟೋದ ಚುಕ್ಕೆ ತೋರಿಸುವುದಿಲ್ಲ, ಗೀಟು ತೋರಿಸುತ್ತಾನೆ. ಶಿವಸ್ವಾಮಿಯವರ ವ್ಯಾನಿನ ಸಂದಿಯಲ್ಲಿ ಈಗಲೂ ಹೊಟ್ಟು ಸಿಗುತ್ತದೆ. ಟವೆಲನ್ನು ಅವರು ಮತ್ತೆ ಹಾಸಲೇ ಇಲ್ಲ.

ನೀವು ಆಗಿನಿಂದ ತಲೆ ಆಡಿಸುತ್ತಿದ್ದೀರಿ, ಅಯ್ಯೋ ಪಾಪ ಎಂದಿರಿ, ಎಂಥ ಜನ ಎಂದು ಶಿವಸ್ವಾಮಿಯವರನ್ನು ಬಯ್ದಿರಿ. ಸಂತೋಷ. ಹೊರಗೆ ಬೇವಿನ ಮರದ ಕೆಳಗೆ ನಿಂತಿರುವ ಬಿಳಿ ಕಾರು ನಿಮ್ಮದೇ ತಾನೇ? ಹಿಂದಿನ ಸೀಟಿನ ಮೇಲಿನ ಟವೆಲ್ ಸ್ವಲ್ಪ ತೆಗೆದಿಡಿ. ನನಗೂ ನರಸೀಪುರದವರೆಗೆ ಹೋಗಬೇಕು, ಇವತ್ತು ಇನ್ನೂ ಸ್ನಾನ ಆಗಿಲ್ಲ.